ಗಂಡನ ಮಾತೊಂದೇ ಸಾಕ್ಷಿ: ‘ಸಸ್ಪಿಷನ್’ ಚಿತ್ರದಲ್ಲಿ ದಾಂಪತ್ಯ ಮತ್ತು ಶಂಕೆ

ಆಲ್ಫ್ರೆಡ್ ಹಿಚ್‌ಕಾಕ್ ಅವರ ಕಪ್ಪು-ಬಿಳುಪು ಚಿತ್ರ ‘ಸಸ್ಪಿಷನ್’ (1941) ಕುರಿತ ಚರ್ಚೆ ಬಹುಪಾಲು ಅದರ ಮುಕ್ತಾಯದ ಸುತ್ತಲೇ ನಡೆದಿದೆ. ಫ್ರಾನ್ಸಿಸ್ ಐಲ್ಸ್ 1932ರಲ್ಲಿ ಪ್ರಕಟಿಸಿದ ಮೂಲ ಕಾದಂಬರಿಯಲ್ಲಿ ಗಂಡ ಕೊಲೆಗಾರ. ಅದು ಗೊತ್ತಿದ್ದೂ ಹೆಂಡತಿ ವಿಷ ಕುಡಿಯುತ್ತಾಳೆ. ತೆರೆಯ ಮೇಲೆ ಅವನು ನಿರಪರಾಧಿ. ಕ್ಯಾರಿ ಗ್ರಾಂಟ್‌ನಂಥ ಜನಪ್ರಿಯ ನಟ ಕೊಲೆಗಾರನಾಗುವುದು ಸಾಧ್ಯವಿರಲಿಲ್ಲವೆಂದು ಹಿಚ್‌ಕಾಕ್ ಮುಂದೆ ಫ್ರಾನ್ಸ್ವಾ ತ್ರೂಫೊಗೆ ವಿವರಿಸಿದರು. ಈ ಬದಲಾವಣೆಯಿಂದ ಚಿತ್ರ ಕೆಟ್ಟಿತೆಂಬ ವಾದವನ್ನು ನಾನು ಒಪ್ಪಲಾರೆ.

ಚಿತ್ರದ ಹೆಂಡತಿ ಲೀನಾಳ ಶಂಕೆ ಹುಟ್ಟುವುದು ಕೊಲೆಯಿಂದಲ್ಲ, ದುಡ್ಡಿನಿಂದ. ಅವಳ ತಂದೆ ಮದುವೆಯ ಉಡುಗೊರೆಯಾಗಿ ಕಳಿಸಿದ ಎರಡು ಹಳೆಯ ಕುರ್ಚಿಗಳನ್ನು ಗಂಡ ಜಾನಿ ಅವಳಿಗೆ ಹೇಳದೆ ಮಾರಿಬಿಡುತ್ತಾನೆ. ಅವು ಅಂಗಡಿಯಲ್ಲಿ ಮಾರಾಟಕ್ಕಿರುವುದನ್ನು ಅವಳೇ ಕಾಣುತ್ತಾಳೆ. ಕೆಲಸ ಕಳೆದುಕೊಂಡದ್ದನ್ನೂ ಅವನು ಮುಚ್ಚಿಟ್ಟಿರುತ್ತಾನೆ. ಸಣ್ಣ ಸುಳ್ಳುಗಳನ್ನು ನಕ್ಕು ತೇಲಿಸಿಬಿಡುವ ಗಂಡ ದೊಡ್ಡ ಸುಳ್ಳನ್ನೂ ಹೇಳಬಲ್ಲ ಎಂಬ ಭಯ ಹೀಗೆ ಅವಳಲ್ಲಿ ಬೇರೂರುತ್ತದೆ.

ಹಾಲಿನ ಲೋಟದ ದೃಶ್ಯದ ಬಲವೂ ಇದೇ. ಕತ್ತಲ ಮೆಟ್ಟಿಲೇರಿ ಜಾನಿ ಬರುತ್ತಾನೆ. ಗೋಡೆಯ ಮೇಲೆ ಜೇಡರ ಬಲೆಯಂಥ ನೆರಳು. ಲೋಟದೊಳಗೆ ಪುಟ್ಟ ಬಲ್ಬ್ ಇಟ್ಟಿದ್ದರಿಂದ ಹಾಲು ತಾನಾಗಿಯೇ ಬೆಳಗುವಂತೆ ಕಾಣುತ್ತದೆ, ನೋಟವೆಲ್ಲ ಅಲ್ಲೇ ನಾಟುತ್ತದೆ. ಅದರಲ್ಲಿ ವಿಷವಿದೆಯೆಂದು ಯಾರೂ ಹೇಳಿಲ್ಲ. ಆದರೂ ನಮಗೆ ಅದು ವಿಷವಾಗಿಯೇ ಕಾಣುತ್ತದೆ, ಏಕೆಂದರೆ ಅಷ್ಟುಹೊತ್ತಿಗೆ ನಾವು ಲೀನಾಳ ಕಣ್ಣಿನಿಂದ ನೋಡತೊಡಗಿರುತ್ತೇವೆ. ಈ ಪಾತ್ರಕ್ಕೆ ಜೋನ್ ಫಾಂಟೇನ್ ಆಸ್ಕರ್ ಪಡೆದರು. ಹಿಚ್‌ಕಾಕ್ ಚಿತ್ರದ ಅಭಿನಯಕ್ಕೆ ಸಂದ ಏಕೈಕ ಆಸ್ಕರ್ ಅದು.

ಇನ್ನು ಮುಕ್ತಾಯ. ಕಡಲ ಬಂಡೆಯಂಚಿನ ರಸ್ತೆಯಲ್ಲಿ ಕಾರಿನ ಬಾಗಿಲು ತೆರೆದುಕೊಳ್ಳುತ್ತದೆ. ಆಮೇಲೆ ಲೀನಾಳ ಶಂಕೆಗಳಿಗೆ ಜಾನಿಯ ವಿವರಣೆ: ಗೆಳೆಯ ಬೀಕಿ ಪ್ಯಾರಿಸ್ಸಿನಲ್ಲಿ ಸತ್ತಾಗ ತಾನು ಲಿವರ್‌ಪೂಲ್‌ನಲ್ಲಿದ್ದೆ, ವಿಷದ ಬಗ್ಗೆ ವಿಚಾರಿಸಿದ್ದು ತಾನೇ ಸಾಯಲೆಂದು. ಇದನ್ನು ಪುಷ್ಟೀಕರಿಸುವ ಒಂದು ದೃಶ್ಯವೂ ಚಿತ್ರದಲ್ಲಿಲ್ಲ. ಉದ್ದಕ್ಕೂ ಸುಳ್ಳಾಡಿದವನ ಮಾತೊಂದೇ ಇಲ್ಲಿ ಸಾಕ್ಷಿ; ಲೀನಾ ಅದನ್ನು ನಂಬುತ್ತಾಳೆ, ಕಾರು ಮನೆಯತ್ತ ತಿರುಗುತ್ತದೆ. ಸ್ಟುಡಿಯೊ ಬಯಸಿದ ಶುಭಾಂತ್ಯ ಇದಾದರೆ ಅದು ಬಹಳ ದುರ್ಬಲ ತಳಹದಿಯ ಮೇಲೆ ನಿಂತಿದೆ.

ಹಿಚ್‌ಕಾಕ್ ಬಯಸಿದ್ದಾಗಿ ಹೇಳಿದ ಮುಕ್ತಾಯ ಬೇರೆ: ಗಂಡನೇ ಕೊಲೆಗಾರನೆಂದು ತಾಯಿಗೆ ಪತ್ರ ಬರೆದಿಟ್ಟು ಲೀನಾ ಹಾಲು ಕುಡಿಯುತ್ತಾಳೆ, ಒಳಗೇನಿದೆಯೆಂದು ಅರಿಯದ ಜಾನಿ ಆ ಪತ್ರವನ್ನು ಅಂಚೆಗೆ ಹಾಕುತ್ತಾನೆ. ಅದು ತೆರೆಗೆ ಬರಲಿಲ್ಲ. ಆದರೆ ರೈಲಿನ ಮೊದಲ ದೃಶ್ಯದಲ್ಲೇ ಟಿಕೆಟ್ ಹಣಕ್ಕೆ ಕೊರತೆಬಿದ್ದ ಜಾನಿ ಅಪರಿಚಿತೆ ಲೀನಾಳಿಂದ ಅಂಚೆಚೀಟಿ ಪಡೆದು ಲೆಕ್ಕ ಸರಿಹೊಂದಿಸುತ್ತಾನೆ. ಅವಳದನ್ನು ನಗುನಗುತ್ತ ತನ್ನದಾಗಿಸಿಕೊಳ್ಳುವ ಅವನ ಚಾಳಿ ಅಲ್ಲೇ ಶುರುವಾಗಿದೆ. ಅದು ಬಿಟ್ಟಿತೆಂಬುದಕ್ಕೆ ಕಡೆಯ ದೃಶ್ಯದಲ್ಲಿ ಯಾವ ಪುರಾವೆಯೂ ಇಲ್ಲ.