ಸುಂಕದವರ ಕಣ್ಣು, ಪಕ್ಕದವರ ಮೂಗು: ಪೈಪ್ ತಂಬಾಕಿನ ರುಚಿನಿರ್ಣಯದ ಚರಿತ್ರೆ

ಹಲವು ಬಗೆಯ ಸೊಪ್ಪುಗಳನ್ನು ಬೆರೆಸಿ ಮಾಡಿದ ಪೈಪ್ ತಂಬಾಕಿನ ಗುಣದೋಷ ಹೇಳುವವರು ಇಂದು ಸಾಮಾನ್ಯವಾಗಿ ನಾಲ್ಕು ಸಂಗತಿಗಳನ್ನು ನೋಡುತ್ತಾರೆ: ನಿಕೋಟಿನ್‌ನ ಬಲ, ಬಾಯಿಗೆ ಹತ್ತುವ ರುಚಿ, ಮೇಲಿಂದ ಸೇರಿಸಿದ ಪರಿಮಳದ ಪ್ರಮಾಣ, ಸೇದಿದ ನಂತರ ಕೋಣೆಯಲ್ಲಿ ಉಳಿಯುವ ವಾಸನೆ. ಇವು ಯಾರಿಗಾದರೂ ತಾವಾಗಿಯೇ ಹೊಳೆಯಬಹುದಾದ ಮಾನದಂಡಗಳೆಂದು ತೋರುತ್ತವೆ. ದಾಖಲೆಗಳನ್ನು ಹಿಡಿದು ಹಿಂದಕ್ಕೆ ಹೋದರೆ ಬೇರೆಯೇ ಚಿತ್ರ ಕಾಣುತ್ತದೆ. ತಂಬಾಕಿನ ಒಳ್ಳೆಯದು ಕೆಟ್ಟದ್ದನ್ನು ಮೊದಲು ತೀರ್ಮಾನಿಸಿದವರು ಸರಕಾರದ ತನಿಖಾಧಿಕಾರಿಗಳು. ಆಮೇಲೆ ಸುಂಕ ಇಲಾಖೆಯ ರಸಾಯನಶಾಸ್ತ್ರಜ್ಞರು. ಅವರ ನಂತರ ವ್ಯಾಪಾರಿಗಳು. ಸೇದುವವನ ನಾಲಗೆಗೆ ಈ ಪೀಠದಲ್ಲಿ ಜಾಗ ಸಿಕ್ಕಿದ್ದು ತೀರ ತಡವಾಗಿ. ಆ ಸರದಿಯ ಗುರುತು ಇಂದಿನ ರುಚಿಯ ಮೇಲೂ ಉಳಿದಿದೆ ಎಂಬುದು ಈ ಲೇಖನದ ವಾದ.

ವರ್ಜೀನಿಯಾದಿಂದ ಆರಂಭಿಸಬಹುದು. ಅಲ್ಲಿನ ಮೂಲನಿವಾಸಿಗಳು ಬೆಳೆಯುತ್ತಿದ್ದ ಸೊಪ್ಪು ಇಂಗ್ಲೆಂಡಿನವರ ನಾಲಗೆಗೆ ಕಟುವಾಯಿತು. 1612ರ ಸುಮಾರಿಗೆ ಜಾನ್ ರಾಲ್ಫ್ ಸ್ಪ್ಯಾನಿಷ್ ವಸಾಹತುಗಳಿಂದ ಬಂದ ಬೀಜವನ್ನು ಜೇಮ್ಸ್‌ಟೌನ್‌ನಲ್ಲಿ ಬಿತ್ತಿದ ಮೇಲೆ ಲಂಡನ್ ಮಾರುಕಟ್ಟೆ ತೆರೆದುಕೊಂಡಿತು. ನೂರು ವರ್ಷ ಕಳೆಯುವುದರೊಳಗೆ ಸಮಸ್ಯೆ ತಿರುಗುಮುರುಗಾಗಿತ್ತು. ಸೊಪ್ಪು ಹೇರಳವಾಗಿ, ಬೆಲೆ ಕುಸಿದು, ಪೀಪಾಯಿಯ ನಡುವೆ ಕಾಂಡ, ಕಸ, ಕೊಳೆತ ಎಲೆ ತುಂಬಿ ಕಳಿಸುವುದು ರೂಢಿಯಾಯಿತು. ಇದನ್ನು ತಡೆಯಲು ಗವರ್ನರ್ ವಿಲಿಯಂ ಗೂಚ್ 1730ರಲ್ಲಿ ತಪಾಸಣಾ ಕಾನೂನು ತಂದ. ರಫ್ತಾಗುವ ಪ್ರತಿ ಪೀಪಾಯಿಯೂ ಸರಕಾರಿ ಗೋದಾಮಿಗೆ ಬರಬೇಕು, ತನಿಖಾಧಿಕಾರಿಗಳು ಅದನ್ನು ತೆರೆದು ನೋಡಬೇಕು, ಕೆಟ್ಟ ಸೊಪ್ಪನ್ನು ಸುಡಬೇಕು. ಒಪ್ಪಿಗೆಯಾದ ಸರಕಿಗೆ ಕೊಟ್ಟ ಚೀಟಿ ಹಣದಂತೆ ಕೈಯಿಂದ ಕೈಗೆ ದಾಟುತ್ತಿತ್ತು. ಬೆಳೆಗಾರರು ಸುಮ್ಮನೆ ಒಪ್ಪಲಿಲ್ಲ; ಕೆಲವು ಗೋದಾಮುಗಳಿಗೇ ಬೆಂಕಿ ಬಿತ್ತು. ಗೂಚ್ 1732ರಲ್ಲಿ ಸಂವಾದರೂಪದ ಕಿರುಹೊತ್ತಿಗೆಯೊಂದನ್ನು ಅಚ್ಚು ಹಾಕಿಸಿ ಉತ್ತರ ಕೊಟ್ಟ. ಅದರಲ್ಲಿ ವಾದಿಸುವ ಬೆಳೆಗಾರರ ಹೆಸರು ಥಾಮಸ್ ಸ್ವೀಟ್‌ಸೆಂಟೆಡ್ ಮತ್ತು ವಿಲಿಯಂ ಒರಿನೋಕೊ. ಎರಡೂ ಅಂದಿನ ಎರಡು ಸೊಪ್ಪಿನ ತಳಿಗಳು: ಮೊದಲನೆಯದು ಸೌಮ್ಯ, ಇಂಗ್ಲೆಂಡಿನಲ್ಲಿ ಹೆಚ್ಚು ಬೇಡಿಕೆಯದು, ಎರಡನೆಯದು ಒರಟು, ಬಹುಪಾಲು ಯುರೋಪಿನ ಇತರ ದೇಶಗಳಿಗೆ ಹೋಗುತ್ತಿದ್ದದ್ದು. ಪಾದ್ರಿಗಳ ವಾರ್ಷಿಕ ಸಂಬಳ 16,000 ಪೌಂಡ್ ತಂಬಾಕು ಎಂದು ನಿಗದಿಯಾಗಿದ್ದ ನಾಡದು. ಸೌಮ್ಯ ಸೊಪ್ಪು ಬೆಳೆಯುವ ಊರಿನ ಚರ್ಚಿಗೆ ನೇಮಕವಾಗಲು ಪಾದ್ರಿಗಳು ಹಾತೊರೆಯುತ್ತಿದ್ದರೆಂದರೆ ಆಶ್ಚರ್ಯವಿಲ್ಲ.

ಆದರೆ ತನಿಖಾಧಿಕಾರಿಗೆ ಕಾನೂನು ವಹಿಸಿದ ಕೆಲಸ ಕಿರಿದು. ಸೊಪ್ಪು ಕೊಳೆತಿದೆಯೇ, ಮಣ್ಣು ಮರಳು ಕಸ ಸೇರಿದೆಯೇ, ಮಾರಾಟಕ್ಕೆ ಯೋಗ್ಯವೇ ಎಂಬುದಷ್ಟೇ ಪ್ರಶ್ನೆ. ಉರಿಸಿದಾಗ ಹೇಗಿರುತ್ತದೆ ಎಂಬುದು ಅವನ ವ್ಯಾಪ್ತಿಗೆ ಬರುತ್ತಿರಲಿಲ್ಲ.

ಇದಕ್ಕೂ ನೂರು ವರ್ಷ ಹಿಂದೆಯೇ ತಂಬಾಕನ್ನು ತೀರ ಬೇರೆ ರೀತಿಯಲ್ಲಿ ವಿಚಾರಣೆಗೆ ಒಳಪಡಿಸಿದ ಪ್ರಸಂಗವೊಂದು ನಮ್ಮ ನೆಲಕ್ಕೆ ಅಂಟಿಕೊಂಡಿದೆ. ಅಕ್ಬರನ ರಾಯಭಾರಿ ಅಸದ್ ಬೇಗ್ ಬಿಜಾಪುರದಲ್ಲಿ ತಂಬಾಕು ಕಂಡು, ಅದನ್ನೂ ರತ್ನಖಚಿತವಾದ ಸೇದುವ ನಳಿಗೆಯನ್ನೂ ಆಗ್ರಾಕ್ಕೆ ಒಯ್ದು 17ನೇ ಶತಮಾನದ ಮೊದಲ ವರ್ಷಗಳಲ್ಲಿ ಬಾದಶಹನ ಮುಂದಿಟ್ಟ. ಅಕ್ಬರ್ ಒಂದೆರಡು ದಮ್ಮು ಎಳೆದ. ಆಸ್ಥಾನದ ವೈದ್ಯರು ತಕರಾರು ತೆಗೆದರು: ಈ ವಸ್ತು ಹೊಸತು, ನಮ್ಮ ಗ್ರಂಥಗಳಲ್ಲಿ ಇದರ ಗುಣ ಹೇಳಿಲ್ಲ, ಬಾದಶಹರು ಸೇದುವುದು ಹೇಗೆ? ಅಲ್ಲಿ ಕೇಳಿದ್ದು ಶರೀರಕ್ಕೆ ಏನಾದೀತೆಂಬ ಪ್ರಶ್ನೆ. ಮುಂದೆ ಹಿಂದುಸ್ತಾನದ ಹುಕ್ಕಾ ತಂಬಾಕಿಗೆ ಬೆಲ್ಲವೂ ಹಣ್ಣೂ ಸಂಬಾರವೂ ಧಾರಾಳವಾಗಿ ಸೇರಿದವು. ಅಡ್ಡಿಪಡಿಸುವ ಕಾನೂನು ಇರಲಿಲ್ಲ. ಬ್ರಿಟನ್ನಿನಲ್ಲಿ ಹಾಗಾಗಲಿಲ್ಲ, ಅಲ್ಲೇ ಕಥೆ ಸ್ವಾರಸ್ಯ ಪಡೆಯುತ್ತದೆ.

19ನೇ ಶತಮಾನದ ಬ್ರಿಟನ್ನಿನಲ್ಲಿ ತಂಬಾಕಿನ ಮೇಲಿನ ಸುಂಕ ಸೊಪ್ಪಿನ ಮೂಲ ಬೆಲೆಯ ಹಲವು ಪಟ್ಟು ಇತ್ತು. ಹಾಗಿರುವಾಗ ಸಕ್ಕರೆ, ಕಾಕಂಬಿ, ಅತಿಮಧುರ, ರೇವಲ್‌ಚಿನ್ನಿಯ ಎಲೆ, ಕೊನೆಗೆ ಬರೀ ನೀರನ್ನು ಸೇರಿಸಿದರೂ ಸುಂಕವಿಲ್ಲದ ಸರಕು ಸುಂಕ ತೆತ್ತ ಸರಕಿನ ಬೆಲೆಗೆ ಮಾರಾಟವಾಗುತ್ತಿತ್ತು. 1840ರಲ್ಲಿ ಪಾರ್ಲಿಮೆಂಟು ಹಿಂದಿನ ಕಟ್ಟುಪಾಡುಗಳನ್ನು ಸಡಿಲಿಸಿತು, ಕಲಬೆರಕೆ ಮಿತಿಮೀರಿತು, ಎರಡೇ ವರ್ಷದಲ್ಲಿ, 1842ರಲ್ಲಿ, ಶುದ್ಧ ತಂಬಾಕಿನ ಕಾನೂನು ಬಂದು ಸಿಹಿಯನ್ನೂ ಅನ್ಯ ಎಲೆಗಳನ್ನೂ ನಿಷೇಧಿಸಿತು. ಅದನ್ನು ಜಾರಿ ಮಾಡಲು ಅದೇ ವರ್ಷ ಅಬಕಾರಿ ಮಂಡಳಿ ಲಂಡನ್ನಿನಲ್ಲಿ ಪ್ರಯೋಗಾಲಯವೊಂದನ್ನು ತೆರೆಯಿತು. ಅದರ ಮೊದಲ ಮುಖ್ಯಸ್ಥ ಜಾರ್ಜ್ ಫಿಲಿಪ್ಸ್. ಮುಂದೆ ಬ್ರಿಟಿಷ್ ಸರಕಾರದ ಮುಖ್ಯ ರಸಾಯನ ಪ್ರಯೋಗಾಲಯವಾಗಿ ಬೆಳೆದದ್ದು ಇದೇ; ಅದರ ಹುಟ್ಟಿಗೆ ಕಾರಣ ತಂಬಾಕು ಎಂಬುದು ಹಲವರಿಗೆ ತಿಳಿಯದು. ತಂಬಾಕಿನ ಎಲೆಯ ಮೇಲಿನ ಸೂಕ್ಷ್ಮ ರೋಮಗಳ ಆಕಾರವೇ ಬೇರೆ, ಇತರ ಎಲೆಗಳದ್ದೇ ಬೇರೆ. ಸೂಕ್ಷ್ಮದರ್ಶಕದಡಿ ಕಳ್ಳ ಎಲೆ ಸಿಕ್ಕಿಬೀಳುತ್ತಿತ್ತು. 1850ರ ದಶಕದಲ್ಲಿ ಆರ್ಥರ್ ಹಿಲ್ ಹಸಲ್ ‘ಲ್ಯಾನ್ಸೆಟ್’ ಪತ್ರಿಕೆಗಾಗಿ ಆಹಾರದ ಕಲಬೆರಕೆ ಪತ್ತೆಮಾಡಿದ್ದೂ ಇದೇ ಉಪಕರಣದಿಂದ. ಷರ್ಲಾಕ್ ಹೋಮ್ಸ್ 140 ಬಗೆಯ ತಂಬಾಕಿನ ಬೂದಿಯನ್ನು ಗುರುತಿಸುವ ಪ್ರಬಂಧ ಬರೆದಿದ್ದನೆಂದು ಕಾನನ್ ಡಾಯ್ಲ್ ಹೇಳುವಾಗ ನಗು ಬರಬಹುದು. 1887ರ ‘ಎ ಸ್ಟಡಿ ಇನ್ ಸ್ಕಾರ್ಲೆಟ್’ನಲ್ಲೇ ಅವನು ನಮ್ಮ ಪಕ್ಕದ ತಿರುಚಿರಾಪಳ್ಳಿಯ ಚುಟ್ಟಾದ ಬೂದಿಯನ್ನು ಗುರುತು ಹಿಡಿಯುತ್ತಾನೆ. ಸರಕಾರಿ ಸಂಬಳ ಪಡೆದು ಇಂಥದ್ದೇ ಕೆಲಸ ಮಾಡುವವರು ಹೋಮ್ಸನ ಲಂಡನ್ನಿನಲ್ಲೇ ಇದ್ದರು ಎಂಬುದನ್ನು ನೆನೆದರೆ ಆ ಪ್ರಬಂಧ ಅಷ್ಟೇನೂ ಅತಿರೇಕವೆನಿಸದು.

1842ರ ಕಾನೂನಿನ ಉದ್ದೇಶ ವರಮಾನ. ಪರಿಣಾಮ ಮಾತ್ರ ರುಚಿಯ ಮೇಲಾಯಿತು. ಸಿಹಿ ಬೆರೆಸುವಂತಿಲ್ಲವೆಂದಾದಾಗ ಬ್ರಿಟಿಷ್ ಮಿಶ್ರಣಕಾರನಿಗೆ ಉಳಿದ ದಾರಿ ಒಂದೇ: ಸೊಪ್ಪಿಗೆ ಸೊಪ್ಪನ್ನೇ ವ್ಯಂಜನವಾಗಿ ಬಳಸುವುದು. ವರ್ಜೀನಿಯಾದ ಸಿಹಿ, ತುರ್ಕಿ ಮತ್ತು ಮ್ಯಾಸಿಡೋನಿಯಾದ ಸಣ್ಣೆಲೆಯ ಒಗರು, ಲೂಯಿಸಿಯಾನದ ಪೆರೀಕ್‌ನ ಖಾರ, ಸಿರಿಯಾದ ಲಟಾಕಿಯಾದ ಹೊಗೆಗಂಪು. ಇಂದು ಅಮೆರಿಕದವರು ಯಾವುದನ್ನು ‘ಇಂಗ್ಲಿಷ್ ಮಿಕ್ಸ್ಚರ್’ ಎನ್ನುತ್ತಾರೋ ಅದು, ನನ್ನ ಅಭಿಪ್ರಾಯದಲ್ಲಿ, ಇಂಗ್ಲಿಷರ ಸಹಜ ಅಭಿರುಚಿಗಿಂತ ಹೆಚ್ಚಾಗಿ ಅವರ ಅಬಕಾರಿ ಇಲಾಖೆಯ ಸೃಷ್ಟಿ. ಕಾನೂನಿನಲ್ಲಿ ಕಿಂಡಿಗಳಿದ್ದವು ನಿಜ. 1863ರಲ್ಲಿ ಸುಂಕದ ಉಗ್ರಾಣದೊಳಗೆ ಕ್ಯಾವೆಂಡಿಷ್ ಎಂಬ ಸಿಹಿಗೊಳಿಸಿದ ತಂಬಾಕನ್ನು ತಯಾರಿಸಲು ಅನುಮತಿ ಸಿಕ್ಕಿತು. ತನ್ನ ಹುಟ್ಟನ್ನು 1792ರಿಂದ ಎಣಿಸುವ ಸ್ಯಾಮ್ಯುಯೆಲ್ ಗಾವಿತ್ ಸಂಸ್ಥೆಯ ಊರಾದ ಕೆಂಡಲ್‌ನಲ್ಲಿ ಹೂವಿನ ಪರಿಮಳದ ತಂಬಾಕುಗಳು ತಮ್ಮದೇ ಪರಂಪರೆ ಕಟ್ಟಿಕೊಂಡವು. ಆದರೂ ಮುಖ್ಯ ಧಾರೆ ಸೊಪ್ಪಿನದೇ.

ಆ ಸೊಪ್ಪುಗಳ ಹಿಂದೆ ಒಂದೊಂದು ಕಸುಬಿದೆ. ಪೆರೀಕ್ ಲೂಯಿಸಿಯಾನದ ಸೇಂಟ್ ಜೇಮ್ಸ್ ಪ್ಯಾರಿಷ್‌ನದು. 1820ರ ದಶಕದಲ್ಲಿ ಪಿಯರ್ ಶನೆ ಎಂಬ ರೈತ ಅಲ್ಲಿನ ಮೂಲನಿವಾಸಿಗಳಿಂದ ಕಲಿತ ಕ್ರಮವೆಂದು ಪ್ರತೀತಿ. ಸೊಪ್ಪನ್ನು ವಿಸ್ಕಿ ಪೀಪಾಯಿಗಳಲ್ಲಿ ಸ್ಕ್ರೂಜ್ಯಾಕಿನಿಂದ ಅದುಮಿ, ತನ್ನದೇ ರಸದಲ್ಲಿ ತಿಂಗಳುಗಟ್ಟಲೆ ಹುಳಿಯಲು ಬಿಟ್ಟು, ನಡುನಡುವೆ ತೆಗೆದು ಗಾಳಿಗೆ ಹರವಿ ಮತ್ತೆ ಅದುಮುತ್ತಾರೆ. ಕೊಂಚ ಹಾಕಿದರೂ ಮೂಗಿಗೆ ಮೆಣಸಿನ ಚುರುಕು ಏರುತ್ತದೆ. ಲಟಾಕಿಯಾದ ಕ್ರಮ ನಮ್ಮ ಮಲೆನಾಡಿನವರಿಗೆ ಬೇಗ ಅರ್ಥವಾದೀತು: ಉಪ್ಪಾಗೆಯನ್ನು ಹೊಗೆಯಲ್ಲಿ ಒಣಗಿಸಿದಂತೆ ಇಲ್ಲಿ ಎಲೆಯನ್ನು ತೂಗುಹಾಕಿ, ಕೆಳಗೆ ಸುವಾಸನೆಯ ಕಾಡುಮರ, ಪೊದೆಗಳನ್ನು ಹೊಗೆಯಾಡಿಸುತ್ತಾರೆ. ಎಲೆ ಕಪ್ಪಾಗಿ, ಸುಟ್ಟ ಕಟ್ಟಿಗೆಯ ಮತ್ತು ಚರ್ಮದ ವಾಸನೆ ಹೊತ್ತುಕೊಳ್ಳುತ್ತದೆ. ಉಪ್ಪಾಗೆ ಒಣಗಿಸಲು ಎಷ್ಟು ಕಾಡು ಸುಡುತ್ತದೆಂದು ಶಿರಸಿ, ಸಿದ್ದಾಪುರದ ಕಡೆಯವರಿಗೆ ಗೊತ್ತು. ಸಿರಿಯಾದ ಬೆಟ್ಟಗಳಲ್ಲೂ ಅದೇ ಆಯಿತು. ಕಾಡು ಬರಿದಾಗತೊಡಗಿದಾಗ ಅಲ್ಲಿ ಹೊಗೆ ಹಾಕುವುದಕ್ಕೆ ಕಡಿವಾಣ ಬಿತ್ತು, ಕಸುಬು ಸೈಪ್ರಸ್ಸಿಗೆ ದಾಟಿತು. ಸೈಪ್ರಸ್ಸಿನ ಎಲೆಯ ತಳಿ ಬೇರೆ, ಹೊಗೆಯ ಮರ ಬೇರೆ, ಹೀಗಾಗಿ ರುಚಿಯೂ ಬೇರೆ.

ವರ್ಜೀನಿಯಾ ಎಲೆಯ ಸಿಹಿಗೆ ಕಾರಣ ಅದನ್ನು ಹದಮಾಡುವ ಬಿಸಿ. 1839ರಲ್ಲಿ ಉತ್ತರ ಕೆರೊಲಿನಾದ ಕ್ಯಾಸ್ವೆಲ್ ಕೌಂಟಿಯಲ್ಲಿ ಅಬೈಷಾ ಸ್ಲೇಡ್ ಎಂಬಾತನ ಗುಲಾಮನಾಗಿದ್ದ ಸ್ಟೀಫನ್, ರಾತ್ರಿ ಬೆಂಕಿ ನಂದುತ್ತಿರುವುದು ಕಂಡು ಇದ್ದಿಲು ಹಾಕಿದನಂತೆ. ಏಕಾಏಕಿ ಏರಿದ ಶಾಖಕ್ಕೆ ಎಲೆ ಹೊಂಬಣ್ಣವಾಯಿತು. ಮೈಸೂರು ಸೀಮೆಯ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಬ್ಯಾರನ್ ಎಂಬ ಹದಮಾಡುವ ಮನೆಗಳಲ್ಲಿ ಇಂದಿಗೂ ನಡೆಯುವುದು ಅದರದೇ ಸುಧಾರಿತ ರೂಪ: ಬೆಂಕಿಯ ಹೊಗೆ ಎಲೆಗೆ ತಾಗದಂತೆ ಲೋಹದ ಕೊಳವೆಯಲ್ಲಿ ಶಾಖ ಹರಿಸಿ, ಹಂತಹಂತವಾಗಿ ಏರಿಸುತ್ತಾರೆ. ಪಿಷ್ಟ ಸಕ್ಕರೆಯಾದ ಮೇಲೆ, ಆ ಸಕ್ಕರೆ ಕರಗಿಹೋಗುವ ಮೊದಲೇ ಎಲೆ ಒಣಗಬೇಕು. ಹೊತ್ತು ತಪ್ಪಿದರೆ ಎಲೆ ಕಂದುತ್ತದೆ. ಕರ್ನಾಟಕದಲ್ಲಿ 1984ರಲ್ಲಿ ತಂಬಾಕು ಮಂಡಳಿಯ ಹರಾಜು ವ್ಯವಸ್ಥೆ ಆರಂಭವಾದಾಗಿನಿಂದ ಬೇಲ್‌ಗಳ ದರ್ಜೆ ನಿರ್ಧಾರವಾಗುವುದು ಬಣ್ಣ, ಮೈ, ಕಲೆಗಳ ಮೇಲೆ. ಈ ಸೊಪ್ಪಿನ ಬಹುಪಾಲು ಹೋಗುವುದು ಸಿಗರೇಟಿಗೆ, ಅದೂ ಇತರ ಎಲೆಗಳ ರುಚಿಗೆ ಅಡ್ಡಬಾರದೆ ಮಿಶ್ರಣಕ್ಕೆ ಮೈ ತುಂಬುವ ಎಲೆಯೆಂಬ ಕಾರಣಕ್ಕೆ. ರುಚಿನಿರ್ಣಯದಲ್ಲಿ ಹೆಸರೇ ಬಾರದಿರುವುದು ಇಂಥ ಎಲೆಗೆ ಒಂದು ಅರ್ಹತೆ.

ಇಷ್ಟು ಬಗೆಯ ಸೊಪ್ಪು ಒಂದೇ ಅಂಗಡಿಗೆ ಬಂದ ಮೇಲೆ ಸೇದುವವನ ಆಯ್ಕೆಗೆ ಅರ್ಥ ಬಂತು. 19ನೇ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ಸೇಂಟ್ ಕ್ಲಾಡ್‌ನ ಬ್ರಯರ್ ಬೇರಿನ ಪೈಪು ಮಣ್ಣಿನ ಪೈಪಿನ ಜಾಗ ಹಿಡಿದಿತ್ತು. ಲಿವರ್‌ಪೂಲಿನ ಕೋಪ್ ಸಹೋದರರು 1870ರಿಂದ 1881ರವರೆಗೆ ‘ಕೋಪ್ಸ್ ಟೊಬ್ಯಾಕೊ ಪ್ಲಾಂಟ್’ ಎಂಬ ಮಾಸಿಕ ನಡೆಸಿದರು. ಕವಿ ಜೇಮ್ಸ್ ಥಾಮ್ಸನ್ ಅದರಲ್ಲಿ ಬರೆಯುತ್ತಿದ್ದ. ಗದ್ಯ ಚೆನ್ನಾಗಿತ್ತು, ಆದರೆ ಪತ್ರಿಕೆಯ ಒಡೆಯರೇ ತಂಬಾಕಿನ ಕಾರ್ಖಾನೆಯ ಒಡೆಯರು. ತಂಬಾಕಿನ ರುಚಿಯ ಬರಹದ ಹುಟ್ಟಿನಲ್ಲೇ ಇದ್ದ ಆ ದೋಷ ಪೂರ್ತಿ ಕಳಚಿದ್ದು ಎಂದೂ ಇಲ್ಲ. 1890ರಲ್ಲಿ ಜೆ. ಎಂ. ಬ್ಯಾರಿಯ ‘ಮೈ ಲೇಡಿ ನಿಕೋಟಿನ್’ ಬಂತು. ಅದರ ಪಾತ್ರಗಳು ‘ಆರ್ಕೇಡಿಯಾ’ ಎಂಬ ಮಿಶ್ರಣವನ್ನು ಸೇದಲು ಯೋಗ್ಯತೆ ಬೇಕೆಂಬಂತೆ ಆಡುತ್ತವೆ. ಅದು ಲಂಡನ್ನಿನ ಕರೇರಾಸ್ ಅಂಗಡಿಯ ‘ಕ್ರೇವನ್ ಮಿಕ್ಸ್ಚರ್’ ಎಂದು ಬ್ಯಾರಿ ಒಪ್ಪಿಕೊಂಡದ್ದೇ ತಡ, ಅಂಗಡಿಯವರು ಅದನ್ನು ಜಾಹೀರಾತಾಗಿಸಿದರು.

ನಿಜವಾದ ತಿರುವು 1907ರದು. ಆ ವರ್ಷ ಆಲ್ಫ್ರೆಡ್ ಡನ್‌ಹಿಲ್ ಲಂಡನ್ನಿನ ಡ್ಯೂಕ್ ಬೀದಿಯಲ್ಲಿ ಅಂಗಡಿ ತೆರೆದ. ಗಿರಾಕಿಯ ಇಷ್ಟ ಕೇಳಿ, ಅವನೆದುರೇ ಸೊಪ್ಪು ಬೆರೆಸಿ, ಆ ಪ್ರಮಾಣವನ್ನು ‘ಮೈ ಮಿಕ್ಸ್ಚರ್’ ಪುಸ್ತಕದಲ್ಲಿ ಸಂಖ್ಯೆ ಕೊಟ್ಟು ಬರೆದಿಡುವ ಪದ್ಧತಿ ಅಲ್ಲಿ ಬೆಳೆಯಿತು. ಇಷ್ಟು ಹೊಗೆಗಂಪು ಬೇಡ, ಇನ್ನಷ್ಟು ಸಿಹಿ ಇರಲಿ ಎಂದು ಹೇಳಬೇಕಾದರೆ ಗಿರಾಕಿಗೆ ತನ್ನ ನಾಲಗೆಯ ಅನುಭವವನ್ನು ಬಿಡಿಸಿ ಹೇಳುವ ಮಾತು ಬೇಕಾಯಿತು. ಶುದ್ಧವೋ ಅಶುದ್ಧವೋ ಎಂಬ ಪ್ರಶ್ನೆ ಅಲ್ಲಿಗೆ ಹಿಂದೆ ಸರಿಯಿತು.

ಅದೇ 1907ರಲ್ಲಿ ಅಮೆರಿಕದ ಆರ್. ಜೆ. ರೆನಾಲ್ಡ್ಸ್ ಕಂಪನಿ ‘ಪ್ರಿನ್ಸ್ ಆಲ್ಬರ್ಟ್’ ಹೊರತಂದಿತು. ನಾಲಗೆ ಕಚ್ಚದ ತಂಬಾಕೆಂಬುದು ಅದರ ಜಾಹೀರಾತಿನ ಮುಖ್ಯ ಮಾತು. ಅದರ ಆಧಾರ ಬರ್ಲಿ ಎಲೆ. 1864ರಲ್ಲಿ ಓಹಾಯೊದ ಬ್ರೌನ್ ಕೌಂಟಿಯಲ್ಲಿ ಮೊದಲು ಕಂಡ ಈ ಬಿಳಿಚು ತಳಿಯನ್ನು ಗಾಳಿಯಲ್ಲಿ ನಿಧಾನವಾಗಿ ಒಣಗಿಸುವಾಗ ಸಕ್ಕರೆಯೆಲ್ಲ ಖರ್ಚಾಗಿಬಿಡುತ್ತದೆ. ಉಳಿದ ಎಲೆ ಹೊರಗಿನ ರಸವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಬ್ರಿಟನ್ನಿನ ನಿಷೇಧ ಇಲ್ಲದ ಕಡೆ ಇದಕ್ಕಿಂತ ಅನುಕೂಲದ ಎಲೆ ಯಾವುದು? ಅತಿಮಧುರ, ಚಾಕೊಲೇಟ್, ರಮ್, ವೆನಿಲಾ ಎಲ್ಲ ಸೇರಿದವು. ಮುಂದೆ ಡೆನ್ಮಾರ್ಕ್, ಹಾಲೆಂಡಿನ ಕಾರ್ಖಾನೆಗಳೂ ಅದೇ ದಾರಿ ಹಿಡಿದವು. ಇಲ್ಲಿ ತೀರ್ಪು ಕೊಡುವವರು ಬದಲಾದರು. ಪರಿಮಳದ ತಂಬಾಕಿನ ವಾಸನೆ ಸೇದುವವನಿಗಿಂತ ಪಕ್ಕದಲ್ಲಿ ಕೂತವರಿಗೆ ಹೆಚ್ಚು ಹಿತ. ಸೇದದವರ ಮೂಗಿಗೂ ಅಂಕಪಟ್ಟಿಯಲ್ಲಿ ಕಾಲಂ ಬಂದದ್ದು ಹೀಗೆ. ಲಟಾಕಿಯಾ ಮಿಶ್ರಣ ಈ ಕಾಲಂನಲ್ಲಿ ಪ್ರತಿಸಲ ಸೋಲುತ್ತದೆ, ರುಚಿಯ ಕಾಲಂನಲ್ಲಿ ಗೆಲ್ಲುತ್ತದೆ. ಎರಡನ್ನೂ ಕೂಡಿಸಿ ಸರಾಸರಿ ತೆಗೆಯುವುದು ಅರ್ಥವಿಲ್ಲದ ಲೆಕ್ಕ.

ಬಲದ ಅಂಕವೂ ಕಾಣುವಷ್ಟು ಸರಳವಲ್ಲ. ಸಕ್ಕರೆ ಹೆಚ್ಚಿರುವ ವರ್ಜೀನಿಯಾದ ಹೊಗೆ ಆಮ್ಲೀಯ, ಅದರ ನಿಕೋಟಿನ್ ಬಾಯಿಯ ಒಳಪೊರೆಯ ಮೂಲಕ ಸುಲಭವಾಗಿ ರಕ್ತಕ್ಕೆ ಸೇರದು. ಬರ್ಲಿಯ ಹೊಗೆ ಕ್ಷಾರೀಯ, ಬೇಗ ಸೇರುತ್ತದೆ. ಹೀಗಾಗಿ ಎಲೆಯಲ್ಲಿ ಎಷ್ಟಿದೆ ಎಂಬುದೂ ಮೈಗೆ ಎಷ್ಟು ಹತ್ತಿತು ಎಂಬುದೂ ಒಂದೇ ಅಲ್ಲ. ನಾಲಗೆ ಉರಿಯುವುದಕ್ಕೂ ಎಲೆಯೊಂದೇ ಹೊಣೆಯಲ್ಲ. ಹಸಿ ತಂಬಾಕನ್ನು ಅವಸರದಲ್ಲಿ ಎಳೆದರೆ ಬರುವ ಬಿಸಿ ಆವಿಯೂ ಸುಡುತ್ತದೆ. ಹೊಗೆಯನ್ನು ಪುಪ್ಪುಸಕ್ಕೆ ಇಳಿಸುವುದಿಲ್ಲವೆಂಬ ಕಾರಣಕ್ಕೆ ಪೈಪಿಗೆ ನಿರಪಾಯಿ ಎಂಬ ಕೀರ್ತಿ ಅಂಟಿಕೊಂಡಿತ್ತು. 1964ರಲ್ಲಿ ಅಮೆರಿಕದ ಸರ್ಜನ್ ಜನರಲ್ ವರದಿ ಪೈಪು ಸೇದುವುದಕ್ಕೂ ತುಟಿಯ ಕ್ಯಾನ್ಸರಿಗೂ ಕಾರ್ಯಕಾರಣ ಸಂಬಂಧವಿದೆ ಎಂದಿತು. ರುಚಿಯ ಬರಹಗಳು ಈ ಮಾತನ್ನು ದಾಟಿಕೊಂಡು ಹೋಗುವ ಚಾತುರ್ಯ ನನಗೆ ಮೆಚ್ಚುಗೆಯಾಗುವುದಿಲ್ಲ.

1990ರ ದಶಕದಲ್ಲಿ ಶುರುವಾದ ಅಮೆರಿಕದ ‘ಪೈಪ್ಸ್ ಅಂಡ್ ಟೊಬ್ಯಾಕೋಸ್’ ಪತ್ರಿಕೆಯ ‘ಟ್ರಯಲ್ ಬೈ ಫೈರ್’ ಅಂಕಣ ಒಂದು ಒಳ್ಳೆಯ ಕ್ರಮ ತಂದಿತು: ಒಂದೇ ಮಿಶ್ರಣದ ಮೇಲೆ ಇಬ್ಬರ ಅಭಿಪ್ರಾಯ ಅಕ್ಕಪಕ್ಕ. ಒಪ್ಪದಿದ್ದರೆ ಆ ಭಿನ್ನಮತವೂ ಅಚ್ಚಾಗುತ್ತಿತ್ತು. ಅದೇ ಕಾಲಕ್ಕೆ ಹಳೆಯ ಡಬ್ಬಿಗಳ ಮೋಹವೂ ಬಲಿಯಿತು. ವರ್ಜೀನಿಯಾ ಡಬ್ಬಿಯೊಳಗೆ ವರ್ಷಗಟ್ಟಲೆ ಹಣ್ಣಾಗಿ ಮೃದುವಾಗುತ್ತದೆ. ಲಟಾಕಿಯಾ ಕ್ರಮೇಣ ತನ್ನ ಘಾಟು ಕಳೆದುಕೊಳ್ಳುತ್ತದೆ. ಆದ್ದರಿಂದ ನಲವತ್ತು ವರ್ಷ ಹಳೆಯ ಡಬ್ಬಿ ತೆರೆದು ‘ಆಗಿನ ರುಚಿಯೇ ರುಚಿ’ ಎನ್ನುವವರು ಸವಿಯುತ್ತಿರುವುದು ಆ ಕಾಲದಲ್ಲಿ ಯಾರೂ ಸೇದದ ತಂಬಾಕನ್ನು.

ಡನ್‌ಹಿಲ್‌ನ 965ನೇ ಸಂಖ್ಯೆಯ ಮಿಶ್ರಣದ ಗತಿ ಈ ಕಷ್ಟವನ್ನು ಸ್ಪಷ್ಟಪಡಿಸುತ್ತದೆ. ಲಂಡನ್ನಿನಲ್ಲಿ ತಯಾರಾಗುತ್ತಿದ್ದದ್ದು 1981ರಲ್ಲಿ ಬೆಲ್‌ಫಾಸ್ಟಿನ ಮರ್ರೆ ಕಾರ್ಖಾನೆಗೆ, 2005ರ ಹೊತ್ತಿಗೆ ಡೆನ್ಮಾರ್ಕಿಗೆ ಹೋಯಿತು. 2018ರಲ್ಲಿ ಡನ್‌ಹಿಲ್ ಹೆಸರಿನ ಪೈಪ್ ತಂಬಾಕು ನಿಂತು, ಮರುವರ್ಷ ಪೀಟರ್ಸನ್ ಹೆಸರಿನಲ್ಲಿ ಮತ್ತೆ ಬಂತು. ಪ್ರತಿ ಸ್ಥಳಾಂತರಕ್ಕೂ ಹಳೆಯದು ಮೇಲೆಂಬ ದೂರು ಎದ್ದಿದೆ. ಆದರೆ ಹಳೆಯ ಡಬ್ಬಿಯ ಸೊಪ್ಪು ಮುದಿಯಾಗಿದೆ, ಹೊಸ ಡಬ್ಬಿಯದು ಇನ್ನೂ ಎಳೆಯದು. ಎರಡನ್ನೂ ಒಂದೇ ಪ್ರಾಯದಲ್ಲಿ ಪಕ್ಕಪಕ್ಕ ಇಟ್ಟು ಸೇದಿ ನೋಡಲು ಯಾವ ಪರೀಕ್ಷಕನಿಗೂ ಸಾಧ್ಯವಿಲ್ಲ.