ಟರ್ಬೊ ಕಾರಿಗೆ ಇಂಧನ ಒತ್ತಡ ಮಾಪಕದ ಆಯ್ಕೆ

ಟರ್ಬೊ ಎಂಜಿನ್ನಿನ ಕಾರನ್ನು ಕೊಂಡು, ಕಾರ್ಖಾನೆ ನಿಗದಿಪಡಿಸಿದ್ದಕ್ಕಿಂತ ಹೆಚ್ಚಿನ ಶಕ್ತಿಯನ್ನು ಅದರಿಂದ ಪಡೆಯುವ ಹವ್ಯಾಸ ಅಮೆರಿಕದಲ್ಲಿ ವ್ಯಾಪಕವಾಗಿದೆ. ಇಲ್ಲಿ ನೆಲೆಸಿರುವ ಕನ್ನಡಿಗರಲ್ಲಿಯೂ ವಾರಾಂತ್ಯವನ್ನು ಗ್ಯಾರೇಜಿನಲ್ಲಿ ಕಳೆಯುವವರಿದ್ದಾರೆ, ನಾನೂ ಅವರಲ್ಲೊಬ್ಬ. ಇಂಥವರು ಮೊದಲು ಕೊಳ್ಳುವುದು ಬೂಸ್ಟ್ ಮಾಪಕವನ್ನು. ಇಂಧನ ಒತ್ತಡ ಮಾಪಕದ ಸರದಿ ಬಂದರೂ ಕೊನೆಗೆ ಬರುತ್ತದೆ, ಆಗಲೂ ಮುಖಬಿಲ್ಲೆಯ ಅಂದವನ್ನು ನೋಡಿ ಆರಿಸುವುದೇ ಹೆಚ್ಚು. ನಾನು ಈ ಲೇಖನದಲ್ಲಿ ಹೇಳಹೊರಟಿರುವುದು ಇಷ್ಟು: ಒತ್ತಡ ಎಷ್ಟಿದೆ ಎಂದು ತೋರಿಸಿದರೆ ಸಾಲದು, ಆ ಕ್ಷಣದಲ್ಲಿ ಇರಬೇಕಾದಷ್ಟು ಇದೆಯೇ ಎಂಬುದನ್ನು ತಿಳಿಯಲು ನೆರವಾಗುವ ಮಾಪಕವೇ ಟರ್ಬೊ ಕಾರಿಗೆ ಯೋಗ್ಯವಾದುದು.

ಅಳೆಯಬೇಕಾದುದು ಯಾವುದನ್ನು?

ಇಂಜೆಕ್ಟರಿನ ಹಿಂಭಾಗ ಇಂಧನ ತುಂಬಿದ ರೈಲಿಗೂ ಮೂತಿ ಇನ್‌ಟೇಕ್ ಮ್ಯಾನಿಫೋಲ್ಡಿಗೂ ತೆರೆದುಕೊಂಡಿರುತ್ತವೆ. ಆದ್ದರಿಂದ ಅದರ ಮೂಲಕ ಹರಿಯುವ ಇಂಧನದ ಪ್ರಮಾಣ ರೈಲಿನ ಒತ್ತಡವೊಂದನ್ನೇ ಅವಲಂಬಿಸಿಲ್ಲ. ರೈಲು ಮತ್ತು ಮ್ಯಾನಿಫೋಲ್ಡುಗಳ ಒತ್ತಡಗಳ ನಡುವಿನ ವ್ಯತ್ಯಾಸವನ್ನು ಅವಲಂಬಿಸಿದೆ. ಈ ವ್ಯತ್ಯಾಸವನ್ನು ಸ್ಥಿರವಾಗಿಡುವುದು ರೆಗ್ಯುಲೇಟರಿನ ಕೆಲಸ. ಮ್ಯಾನಿಫೋಲ್ಡಿನಿಂದ ಬರುವ ಒಂದು ಸಣ್ಣ ಕೊಳವೆಯ ಮೂಲಕ ಅಲ್ಲಿನ ಒತ್ತಡವನ್ನು ಗ್ರಹಿಸಿ, ಅಲ್ಲಿ 1 ಪಿಎಸ್‌ಐ ಏರಿದರೆ ರೈಲಿನಲ್ಲಿಯೂ 1 ಪಿಎಸ್‌ಐ ಏರಿಸುತ್ತದೆ.

ಉದಾಹರಣೆಗೆ, ಅಮೆರಿಕದಲ್ಲಿ 2004ರಿಂದ 2021ರವರೆಗೆ ಮಾರಾಟವಾದ ಸುಬಾರು ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ ಕಾರಿನ ಇಜೆ257 ಎಂಜಿನ್ನನ್ನು ತೆಗೆದುಕೊಳ್ಳೋಣ. ಇದರಲ್ಲಿ ಮೂಲ ಒತ್ತಡ 43.5 ಪಿಎಸ್‌ಐ, ಅಂದರೆ 3 ಬಾರ್. ಎಂಜಿನ್ ನಿಂತಲ್ಲೇ ಓಡುತ್ತಿರುವಾಗ ಮ್ಯಾನಿಫೋಲ್ಡಿನಲ್ಲಿ ವಾತಾವರಣಕ್ಕಿಂತ ಸುಮಾರು 10 ಪಿಎಸ್‌ಐ ಕಡಿಮೆ ಒತ್ತಡವಿದ್ದರೆ ಮಾಪಕ 33.5ರ ಆಸುಪಾಸು ತೋರಿಸಬೇಕು. ಬೂಸ್ಟ್ 18 ಪಿಎಸ್‌ಐ ತಲುಪಿದಾಗ 61.5 ತೋರಿಸಬೇಕು. ಮುಳ್ಳು ಎಲ್ಲೇ ಇರಲಿ, ವ್ಯತ್ಯಾಸ ಮಾತ್ರ ಸದಾ 43.5.

10 ಪಿಎಸ್‌ಐ ಕೊರತೆಯ ಪರಿಣಾಮ

ಅದೇ 18 ಪಿಎಸ್‌ಐ ಬೂಸ್ಟಿನಲ್ಲಿ ಮಾಪಕ 51.5 ತೋರಿಸಿತೆಂದುಕೊಳ್ಳಿ. ಮೂಲ ಒತ್ತಡಕ್ಕಿಂತ ಮುಳ್ಳು ಮೇಲೇರಿರುವುದರಿಂದ ಎಲ್ಲವೂ ಸರಿಯಿದೆ ಎಂದೇ ತೋರುತ್ತದೆ. ಆದರೆ ಇಂಜೆಕ್ಟರಿಗೆ ದೊರೆಯುತ್ತಿರುವ ವ್ಯತ್ಯಾಸ 33.5 ಮಾತ್ರ. ಹರಿವು ಈ ವ್ಯತ್ಯಾಸದ ವರ್ಗಮೂಲಕ್ಕೆ ಅನುಗುಣವಾಗಿರುವುದರಿಂದ ಇಂಧನ ಸುಮಾರು ಶೇ. 12ರಷ್ಟು ಕಡಿಮೆಯಾಗುತ್ತದೆ. ಲ್ಯಾಂಬ್ಡಾ 0.80ಕ್ಕೆ ಹೊಂದಿಸಿದ್ದ ಮಿಶ್ರಣ 0.91ಕ್ಕೆ ತೆಳುವಾಗುತ್ತದೆ. ಪೂರ್ಣ ವೇಗವರ್ಧನೆಯ ವೇಳೆ ಈ ಎಂಜಿನ್ನಿನ ಕಂಪ್ಯೂಟರ್ ಮುಂಚೆಯೇ ಬರೆದಿಟ್ಟ ಕೋಷ್ಟಕದಂತೆ ಇಂಧನ ಸುರಿಸುತ್ತದೆಯೇ ಹೊರತು ಆಮ್ಲಜನಕ ಸಂವೇದಕದ ಮಾತು ಕೇಳಿ ತಿದ್ದಿಕೊಳ್ಳುವುದಿಲ್ಲ. ತೆಳು ಮಿಶ್ರಣ, ಹೆಚ್ಚಿದ ತಾಪ, ಅದರ ಬೆನ್ನಿಗೇ ನಾಕಿಂಗ್. ಕಡೆಗೆ ಪಿಸ್ಟನ್ನಿನಲ್ಲಿ ರಿಂಗುಗಳ ನಡುವಿನ ಅಂಚು ಮುರಿಯುತ್ತದೆ. ಇದು ಸಂಭವಿಸಲು ಕೆಲವು ಸೆಕೆಂಡುಗಳು ಸಾಕು. ದುರಸ್ತಿಗೆ ಎಂಜಿನ್ನನ್ನೇ ಬಿಚ್ಚಬೇಕು.

ಕೊರತೆಗೆ ಕಾರಣಗಳು ಹಲವು: ಸವೆದ ಪಂಪು, ಪಂಪಿಗೆ ಸಾಲದ ವೋಲ್ಟೇಜು, ಕಟ್ಟಿಕೊಂಡ ಫಿಲ್ಟರು, ರೆಗ್ಯುಲೇಟರಿನಿಂದ ಕಳಚಿದ ಕೊಳವೆ. ಪೆಟ್ರೋಲಿನ ಬದಲು ಇ85 ಬಳಸುವವರು ಮೂರನೇ ಒಂದು ಭಾಗದಷ್ಟು ಹೆಚ್ಚು ಇಂಧನ ಹರಿಸಬೇಕಾಗುವುದರಿಂದ ಹಳೆಯ ಪಂಪು ಅಲ್ಲಿಯೇ ಸೋಲುವುದುಂಟು. ಮಿಶ್ರಣ ತೆಳುವಾಯಿತೆಂಬ ಫಲವನ್ನು ವೈಡ್‌ಬ್ಯಾಂಡ್ ಮಾಪಕ ತಿಳಿಸುತ್ತದೆ. ಏಕೆ ತೆಳುವಾಯಿತೆಂಬುದನ್ನು ಇಂಧನ ಒತ್ತಡ ಮಾಪಕ ತಿಳಿಸುತ್ತದೆ.

ಅಳತೆಯ ವ್ಯಾಪ್ತಿ

ಮೂಲ ಒತ್ತಡಕ್ಕೆ ಗರಿಷ್ಠ ಬೂಸ್ಟನ್ನು ಕೂಡಿಸಿ. 43.5ಕ್ಕೆ 22 ಸೇರಿದರೆ 65.5. ಈ ಮೊತ್ತ ಮಾಪಕದ ಪೂರ್ಣ ವ್ಯಾಪ್ತಿಯ ಮೂರನೇ ಎರಡು ಭಾಗದ ಸುತ್ತ ಬರುವಂತಿರಬೇಕು. ಆದ್ದರಿಂದ ಬಹುಪಾಲು ಟರ್ಬೊ ಕಾರುಗಳಿಗೆ 0ಯಿಂದ 100 ಪಿಎಸ್‌ಐ ಸರಿಹೊಂದುತ್ತದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ 0–15 ಪಿಎಸ್‌ಐ ಮಾಪಕ ಕಾರ್ಬ್ಯುರೇಟರ್ ಕಾರುಗಳದು. ಅದನ್ನು ಇಲ್ಲಿ ಜೋಡಿಸಿದರೆ ಒಳಗಿನ ಕೊಳವೆ ಹಾಳಾಗುತ್ತದೆ, ಇಂಧನ ಸೋರುವ ಅಪಾಯವೂ ಇದೆ. ವ್ಯಾಪ್ತಿ ವಿಪರೀತ ದೊಡ್ಡದಾಗುವುದೂ ಒಳ್ಳೆಯದಲ್ಲ. ನಿಖರತೆಯನ್ನು ಸಾಮಾನ್ಯವಾಗಿ ಪೂರ್ಣ ವ್ಯಾಪ್ತಿಯ ಶೇಕಡಾವಾರಿನಲ್ಲಿ ಹೇಳುತ್ತಾರೆ. ಶೇ. 2.5 ಎಂದರೆ 100ರ ಮಾಪಕದಲ್ಲಿ 2.5 ಪಿಎಸ್‌ಐ, 160ರ ಮಾಪಕದಲ್ಲಿ 4 ಪಿಎಸ್‌ಐ ತಪ್ಪಿಗೆ ಅವಕಾಶ.

ಯಾಂತ್ರಿಕವೋ ವಿದ್ಯುನ್ಮಾನವೋ?

ಯಾಂತ್ರಿಕ ಮಾಪಕದ ಒಳಗಿರುವುದು 1849ರಲ್ಲಿ ಫ್ರಾನ್ಸಿನ ಯೂಜೀನ್ ಬೂರ್ಡೋನ್ ಪೇಟೆಂಟ್ ಪಡೆದ ಬಾಗಿದ ಕೊಳವೆ. ಒತ್ತಡ ಏರಿದಂತೆ ಅದು ನೆಟ್ಟಗಾಗಲು ಹವಣಿಸಿ ಮುಳ್ಳನ್ನು ತಿರುಗಿಸುತ್ತದೆ. ತಂತಿ ಬೇಡ, ಬೆಲೆ ಕಡಿಮೆ. ಬಾನೆಟ್ಟಿನ ಕೆಳಗೆ ರೆಗ್ಯುಲೇಟರಿನ ಪಕ್ಕದಲ್ಲಿಟ್ಟು ಮೂಲ ಒತ್ತಡವನ್ನು ಹೊಂದಿಸಲು ಇದು ಧಾರಾಳವಾಗಿ ಸಾಕು. ಮುಳ್ಳಿನ ಕಂಪನ ತಗ್ಗಿಸಲು ಗ್ಲಿಸರಿನ್ ತುಂಬಿದ ಮಾಪಕಗಳೂ ಇವೆ. ಆದರೆ ಬಿಸಿಗೆ ಗ್ಲಿಸರಿನ್ ಹಿಗ್ಗಿ ಮುಚ್ಚಿದ ಕವಚದೊಳಗೆ ಒತ್ತಡ ಉಂಟಾದರೆ ಮಾಪಕ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಗಾಳಿ ಬಿಡುವ ಬಿರಡೆಯಿರುವ ಮಾಪಕವನ್ನೇ ಆರಿಸಬೇಕು.

ಯಾಂತ್ರಿಕ ಮಾಪಕದ ಮುಖ್ಯ ಕೊರತೆಯೆಂದರೆ ಎಂಜಿನ್ ನಿಜವಾಗಿ ದುಡಿಯುವಾಗ ಬಾನೆಟ್ ಮುಚ್ಚಿರುತ್ತದೆ. ಅದನ್ನು ಡ್ಯಾಶ್‌ಬೋರ್ಡಿಗೆ ತರಬೇಕೆಂದರೆ ಒತ್ತಡದಲ್ಲಿರುವ ಪೆಟ್ರೋಲಿನ ಕೊಳವೆಯನ್ನು ಪ್ರಯಾಣಿಕರು ಕೂರುವ ಜಾಗಕ್ಕೆ ತರಬೇಕಾಗುತ್ತದೆ. ಇದನ್ನು ಯಾವ ಕಾರಣಕ್ಕೂ ಮಾಡಕೂಡದು.

ಆದ್ದರಿಂದ ಚಾಲಕ ನೋಡಬೇಕಾದ ಮಾಪಕ ವಿದ್ಯುನ್ಮಾನದ್ದೇ ಆಗಿರಬೇಕೆಂದು ನಾನು ಹೇಳುತ್ತೇನೆ. ಸಂವೇದಕ ಎಂಜಿನ್ನಿನ ಬಳಿ ಉಳಿಯುತ್ತದೆ. ಒಳಗೆ ಬರುವುದು ತಂತಿ ಮಾತ್ರ. ಪ್ರಚಲಿತವಾದ ಮೂರು ತಂತಿಯ ಸಂವೇದಕ 5 ವೋಲ್ಟ್ ಪಡೆದು, ಒತ್ತಡ 0 ಇದ್ದಾಗ 0.5 ವೋಲ್ಟನ್ನೂ 100 ಪಿಎಸ್‌ಐ ಇದ್ದಾಗ 4.5 ವೋಲ್ಟನ್ನೂ ಹೊರಡಿಸುತ್ತದೆ. ಅಂದರೆ 1 ಪಿಎಸ್‌ಐಗೆ 0.04 ವೋಲ್ಟ್. ಗ್ರೌಂಡ್ ತಂತಿಯಲ್ಲಿ ಅಷ್ಟು ಅಲ್ಪ ವೋಲ್ಟೇಜು ವ್ಯತ್ಯಾಸವಾದರೂ 1 ಪಿಎಸ್‌ಐ ತಪ್ಪುತ್ತದೆ. ಹಾಗಾಗಿ ಆ ತಂತಿಯನ್ನು ಎಲ್ಲೋ ಕಾರಿನ ಮೈಗೆ ಕಟ್ಟದೆ ಮಾಪಕದ ಗ್ರೌಂಡಿಗೇ ಸೇರಿಸಬೇಕು.

ಕೊಳ್ಳುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿ. ಸಂಕೇತವನ್ನು ಬೂಸ್ಟಿನೊಡನೆ ಒಂದೇ ದಾಖಲೆಯಲ್ಲಿ ಬರೆದಿಡಲು ಬರುತ್ತದೆಯೇ? ಎಚ್ಚರಿಕೆಯ ದೀಪವಿದೆಯೇ? ಸಂವೇದಕದ ಒಳಭಾಗ ಮತ್ತು ಸೀಲುಗಳು ಎಥನಾಲಿಗೆ ತಾಳುತ್ತವೆಯೇ? ಮೊದಲನೆಯದಕ್ಕೆ ‘ಹೌದು’ ಎಂಬ ಉತ್ತರವಿದ್ದರೆ ಮುಖಬಿಲ್ಲೆ ಎಷ್ಟು ಸಾದಾ ಇದ್ದರೂ ಚಿಂತೆಯಿಲ್ಲ. ವೇಗವಾಗಿ ಚಲಿಸುವಾಗ ಎರಡು ಮುಳ್ಳುಗಳನ್ನು ನೋಡಿ ಮನಸ್ಸಿನಲ್ಲೇ ಕಳೆಯುವ ಲೆಕ್ಕ ಯಾರಿಂದಲೂ ಆಗದು, ಆಗಬಾರದು ಕೂಡ. ಕಣ್ಣು ರಸ್ತೆಯ ಮೇಲಿರಬೇಕು.

ಜೋಡಣೆ

ಸಂವೇದಕದ ತಿರುಪು 1/8 ಎನ್‌ಪಿಟಿಯೋ 1/8 ಬಿಎಸ್‌ಪಿಟಿಯೋ ನೋಡಿಕೊಳ್ಳಿ. ಮೊದಲನೆಯದರಲ್ಲಿ ಇಂಚಿಗೆ 27 ಸುತ್ತು, ಎರಡನೆಯದರಲ್ಲಿ 28. ಒಂದು ಇನ್ನೊಂದರೊಳಗೆ ಕೆಲವು ಸುತ್ತು ಹೋದರೂ ಕೊನೆಗೆ ಸೋರುತ್ತದೆ. ಟೆಫ್ಲಾನ್ ಪಟ್ಟಿಯ ಚೂರುಗಳು ಇಂಜೆಕ್ಟರಿಗೆ ಸಿಕ್ಕಿಕೊಳ್ಳಬಹುದಾದ್ದರಿಂದ ಇಂಧನಕ್ಕೆ ತಾಳುವ ಸೀಲೆಂಟ್ ಬಳಸುವುದು ಲೇಸು. ತೂಕದ ಸಂವೇದಕವನ್ನು ರೈಲಿನ ಮೇಲೆ ನೇರವಾಗಿ ನಿಲ್ಲಿಸಿದರೆ ಕಂಪನಕ್ಕೆ ಅದರ ಕತ್ತು ಬಿರಿಯಬಹುದು. ಗಿಡ್ಡ ಹೋಸಿನ ಮೂಲಕ ಬೇರೆಡೆ ಭದ್ರಪಡಿಸಬೇಕು.

2015ರ ನಂತರದ ಡಬ್ಲ್ಯುಆರ್‌ಎಕ್ಸ್‌ನಂತೆ ಸಿಲಿಂಡರಿನೊಳಗೇ ಇಂಧನ ಚಿಮ್ಮುವ ಎಂಜಿನ್‌ಗಳಲ್ಲಿ ಅಧಿಕ ಒತ್ತಡದ ಭಾಗ 100 ಬಾರ್ ಮೀರುತ್ತದೆ. ಇಲ್ಲಿ ಹೇಳಿದ ಮಾಪಕಗಳನ್ನು ಅಂಥ ಎಂಜಿನ್‌ಗಳಲ್ಲಿ ಟ್ಯಾಂಕಿನ ಪಂಪಿನಿಂದ ಬರುವ ಕಡಿಮೆ ಒತ್ತಡದ ಭಾಗಕ್ಕಲ್ಲದೆ ಬೇರೆಲ್ಲಿಯೂ ಜೋಡಿಸಬಾರದು.

ಓದುವ ಬಗೆ

ಜೋಡಣೆ ಮುಗಿದ ಮೇಲೆ ರೈಲಿನ ಒತ್ತಡ ಪೂರ್ತಿ ಇಳಿದಿರುವಾಗ ಮಾಪಕ 0 ತೋರಿಸುತ್ತದೆಯೇ ನೋಡಿ. ಬಳಿಕ ಎಂಜಿನ್ ಓಡಿಸಿ, ರೆಗ್ಯುಲೇಟರಿನ ಕೊಳವೆಯನ್ನು ಕಳಚಿ ಅದರ ತುದಿಯನ್ನು ಮುಚ್ಚಿ. ಆಗ ಮೂಲ ಒತ್ತಡ ಕಾಣಬೇಕು. ಕೊಳವೆಯನ್ನು ಮರಳಿ ಜೋಡಿಸಿ, ಡೈನೊ ಮೇಲೆ ದಾಖಲೆ ತೆಗೆದು, ರೈಲಿನ ಒತ್ತಡದಿಂದ ಬೂಸ್ಟನ್ನು ಕಳೆಯಿರಿ. ಉತ್ತರ ಸಮರೇಖೆಯಂತೆ ನಿಂತರೆ ಇಂಧನ ವ್ಯವಸ್ಥೆ ಆರೋಗ್ಯವಾಗಿದೆ. ಬೂಸ್ಟ್ ಏರತೊಡಗಿದೊಡನೆ ಅಷ್ಟಷ್ಟೇ ಕುಸಿಯುತ್ತಿದ್ದರೆ ರೆಗ್ಯುಲೇಟರಿಗೆ ಬೂಸ್ಟ್ ತಲುಪುತ್ತಿಲ್ಲ, ಕೊಳವೆಯನ್ನು ಪರೀಕ್ಷಿಸಿ. ಮೊದಲು ಸರಿಯಿದ್ದು ಎಂಜಿನ್ ವೇಗ ಹೆಚ್ಚಿದಾಗ ಮಾತ್ರ ಕುಸಿದರೆ ಪಂಪು, ಅದರ ತಂತಿ ಅಥವಾ ಫಿಲ್ಟರು ಸೋಲುತ್ತಿದೆ. ಎರಡರಲ್ಲಿ ಯಾವುದೇ ಆದರೂ ಕಾರಣ ತಿಳಿಯುವವರೆಗೆ ಬೂಸ್ಟನ್ನು ತಗ್ಗಿಸಿಯೇ ಕಾರು ಓಡಿಸಬೇಕು.