ದುಂಡು ಮುದ್ರೆಯ ಪೂರ್ವೋತ್ತರ

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಕಡೆ ಮನೆಯೊಂದರ ಕಾಗದ ತೋರಿಸಿ ‘ಇದು ಪಕ್ಕಾ ಏನು?’ ಎಂದು ಕೇಳಿದರೆ, ‘ನೋಟರಿ ಆಗ್ಯಾದರಿ’ ಎಂಬ ಉತ್ತರ ಬರುವುದುಂಟು. ಬರೆಹಕ್ಕಿಂತ ಅದರ ಕೆಳಗಿನ ದುಂಡು ಮುದ್ರೆಯ ಮೇಲೆಯೇ ಜನರಿಗೆ ಭರವಸೆ. ಈ ಮುದ್ರೆ ಎಲ್ಲಿಂದ ಬಂತು, ಅದರ ಬಲವೆಷ್ಟು ಎಂದು ವಿಚಾರಿಸಹೊರಟರೆ ವಿಲಾಯತಿಯ ಧರ್ಮಗುರುವಿನ ಬಾಗಿಲವರೆಗೆ ಹೋಗಬೇಕಾಗುತ್ತದೆ.

ಇಂಗ್ಲೆಂಡಿನಲ್ಲಿ ನೋಟರಿಗೆ ಸನದು ಕೊಡುವ ಅಧಿಕಾರ ಮೊದಲು ಪೋಪನದಾಗಿತ್ತು. ಎಂಟನೆಯ ಹೆನ್ರಿ ರೋಮಿನೊಡನೆ ಸಂಬಂಧ ಕಡಿದುಕೊಂಡಾಗ, 1533ರ ಶಾಸನದಿಂದ ಅದು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪನ ಕೈಸೇರಿತು. ಸ್ವಾರಸ್ಯವೆಂದರೆ, ಬ್ರಿಟಿಷ್ ಇಂಡಿಯಾದ ನೋಟರಿಗಳಿಗೂ ಆ ಗುರುಪೀಠದ ಅಧಿಕಾರಿಯಿಂದಲೇ ಸನದು ಬರುತ್ತಿತ್ತು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆ ಇಲ್ಲಿನ ಸರಕಾರಕ್ಕೂ ನೋಟರಿಗಳನ್ನು ನೇಮಿಸುವ ಅಧಿಕಾರ ಕೊಟ್ಟಿತಾದರೂ ಅದು ಆ ಕಾಯಿದೆಯ ಕೆಲಸಗಳಿಗಷ್ಟೇ ಸೀಮಿತ. ಹಣ ಸಲ್ಲದೆ ತಿರುಗಿಬಂದ ಬಿಲ್ಲಿನ ಮೇಲೆ ಷರಾ ಬರೆಯುವಂಥ ಕೆಲಸ.

ನಮ್ಮ ಸೀಮೆಗೆ ಅದೂ ಇರಲಿಲ್ಲ. ಇದು ನಿಜಾಮರ ನೆಲ. ಬ್ರಿಟಿಷ್ ಇಂಡಿಯಾದ ಕಾಯಿದೆ ಇಲ್ಲಿ ತಾನಾಗಿ ನಡೆಯುವಂತಿರಲಿಲ್ಲ. 1874ರಲ್ಲಿ ವಾಡಿಯಿಂದ ಹೈದರಾಬಾದಿನತ್ತ ರೈಲು ಹೊರಟ ಮೇಲೆ ಹಳಿಯ ಪಟ್ಟಿಯ ಮೇಲೆ ಬ್ರಿಟಿಷರ ಅಧಿಕಾರ ಬಂತು ನಿಜ. ಆದರೆ ಆ ಅಧಿಕಾರವೂ ರೈಲಿನ ಕೆಲಸಕ್ಕೆ ಮಾತ್ರ ಎಂದು 1897ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಪಿತ್ತಿತು.

ಹಾಗಾದರೆ ಹಳ್ಳಿಯ ಕಾಗದಕ್ಕೆ ಹೊಣೆ ಯಾರು? ಕುಲಕರ್ಣಿಯ ಬರೆಹ, ಪಾಟೀಲರ ಸಮಕ್ಷಮ, ಊರ ನಾಲ್ವರ ಸಾಕ್ಷಿ. 1880ರ ದಶಕದಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಬಂದಿತು. ಎರಡೂ ಒಕ್ಕಲಿಗನ ಮನೆಮಾತಲ್ಲ. ಹೆಬ್ಬೆಟ್ಟು ಒತ್ತುವವನಿಗೆ ಕಾಗದದಲ್ಲಿರುವುದೇನೆಂದು ತಿಳಿಯದು. ಸಾಕ್ಷಿ ನಿಂತವರ ಮುಖವೇ ಅವನ ಪಾಲಿಗೆ ಮುದ್ರೆ. ಆ ಮುಖಗಳು ಸಾಹುಕಾರನ ಕಡೆಯವಾಗಿದ್ದರೆ ಅವನ ಗತಿಯೇನೆಂದು ಬೇರೆ ಹೇಳಬೇಕಾಗಿಲ್ಲ.

ಸ್ವತಂತ್ರ ದೇಶದ ನೋಟರಿಗೆ ಪರದೇಶದ ಧರ್ಮಪೀಠದ ಸನದು ಸಲ್ಲದೆಂಬ ವಿಚಾರವೂ ಸೇರಿ 1952ರಲ್ಲಿ ನೋಟರಿಗಳ ಕಾಯಿದೆ ಹುಟ್ಟಿತು. ಅದು ಜಾರಿಗೆ ಬಂದದ್ದು 1956ರ ಫೆಬ್ರವರಿ 14ರಂದು. ಆಗ ಗುಲ್ಬರ್ಗಾ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಒಂಬತ್ತು ತಿಂಗಳು ತುಂಬುವುದರೊಳಗೆ, ನವೆಂಬರ್ 1ರಂದು, ಮೈಸೂರಿಗೆ ಸೇರಿತು. ನೋಟರಿಯ ಮುದ್ರೆಯಲ್ಲಿ ಅವನ ಹೆಸರು, ಅವನ ಪ್ರದೇಶ, ಅವನನ್ನು ನೇಮಿಸಿದ ಸರಕಾರದ ಹೆಸರು ಇರಬೇಕೆಂಬುದು ನಿಯಮ. ಅದರ ವ್ಯಾಸ 5 ಸೆಂಟಿಮೀಟರ್. ಹೈದರಾಬಾದ್, ಮೈಸೂರು, 1973ರ ಬಳಿಕ ಕರ್ನಾಟಕ: ಹದಿನೇಳು ವರ್ಷಗಳಲ್ಲಿ ಈ ನೆಲ ಕಂಡ ಮೂರು ಹೆಸರುಗಳಿಗೂ ಆ ಅಂಗೈಯಗಲದೊಳಗೇ ಎಡೆಯಾಗಬೇಕು.

ನೋಟರಿಯಾಗಲು ವಕೀಲನೆಂಬುದಷ್ಟೇ ಸಾಲದು. ಇಷ್ಟು ವರ್ಷಗಳ ಅನುಭವ ಬೇಕು, ಸರಕಾರದ ರಿಜಿಸ್ಟರಿನಲ್ಲಿ ಹೆಸರು ಏರಬೇಕು. ಮೂರು ವರ್ಷದ್ದಾಗಿದ್ದ ಪ್ರಮಾಣಪತ್ರದ ಅವಧಿಯನ್ನು 1999ರ ತಿದ್ದುಪಡಿ ಐದು ವರ್ಷಕ್ಕೆ ಏರಿಸಿತು. ನಡತೆಗೆಟ್ಟವನ ಹೆಸರನ್ನು ಹೊಡೆದುಹಾಕಬಹುದು. ತಾನು ಮಾಡಿದ ಪ್ರತಿಯೊಂದು ಕೆಲಸವನ್ನೂ ಅವನು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು. ಊರ ನಾಲ್ವರ ನೆನಪು ಮಾಡುತ್ತಿದ್ದುದನ್ನು ಈಗ ಆ ಪುಸ್ತಕ ಮಾಡಬೇಕಾಗಿದೆ ಎಂದರೂ ಸಲ್ಲುತ್ತದೆ.

ವಾಡಿ, ಶಹಾಬಾದಗಳಂಥ ಊರಿನಲ್ಲಿ ಇದು ಸಣ್ಣ ಮಾತಲ್ಲ. ಸಿಮೆಂಟು ಕಾರಖಾನೆ, ಪರಸಿ ಕಲ್ಲಿನ ಗಣಿ ಎಂದು ಎಲ್ಲೆಲ್ಲಿಂದಲೋ ಬಂದು ನೆಲಸಿದವರಿಗೆ ಅಜ್ಜನ ಕಾಲದಿಂದ ಬಲ್ಲ ನಾಲ್ಕು ಮಂದಿಯನ್ನು ಎಲ್ಲಿಂದ ತರುವುದು? ಅವರಿಗೆ ಮುದ್ರೆಯೇ ಗತಿ. ಆದರೆ ನೂರು ರೂಪಾಯಿಯೋ ಅದಕ್ಕಿಂತ ಹೆಚ್ಚೋ ಬೆಲೆಬಾಳುವ ಮನೆ, ಜಾಗಗಳ ಕ್ರಯಪತ್ರ ಸಬ್ ರಿಜಿಸ್ಟ್ರಾರರ ಕಚೇರಿಯಲ್ಲಿ ನೋಂದಣಿಯಾಗಲೇಬೇಕೆಂದು 1908ರ ಕಾಯಿದೆ ಹೇಳುತ್ತದೆ. ನೋಟರಿ ಇದಕ್ಕೆ ಬದಲಿಯಲ್ಲ. ಕರಾರುಪತ್ರ, ಮುಖ್ತಿಯಾರನಾಮೆಗಳಿಂದ ಒಡೆತನ ಕೈ ಬದಲಾಗದೆಂದು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಸ್ಪಷ್ಟಪಡಿಸಿತು. ಮಾರಿದವನು ಸತ್ತು, ಅವನ ಮಕ್ಕಳು ಬಂದು ‘ಜಾಗ ನಮ್ಮದು’ ಎಂದ ದಿನ ಆ ಪುಸ್ತಕ ತೆರೆದರೆ, ಇಂಥ ತಾರೀಖಿನಂದು ಇಂಥವನು ನನ್ನೆದುರು ಸಹಿ ಮಾಡಿದ ಎಂಬಷ್ಟೇ ಅದರಲ್ಲಿ ಸಿಗುತ್ತದೆ. ಜಾಗ ಯಾರದೆಂಬ ಮಾತು ಅಲ್ಲಿರುವುದಿಲ್ಲ.